ಮೂರು ಸಲ ವಾಪಸ್ ಬಂದ ಕ್ಲೇಮ್: ತಲೆಬುರುಡೆ, ಮಿದುಳು ಸರ್ಜರಿ ಕೋಡಿಂಗ್‌ನಲ್ಲಿ ತಪ್ಪು ಹುಡುಕುವ ದಾರಿ

ಹೋದ ವಾರ ರಾತ್ರಿ ಹತ್ತೂವರೆಗೆ ಫೋನ್ ಬಂತು. ಚನ್ನರಾಯಪಟ್ಟಣದ ಹುಡುಗಿ, ಮೆಡಿಕಲ್ ಕೋಡಿಂಗ್ (ಕಾಯಿಲೆ, ಚಿಕಿತ್ಸೆಯನ್ನು ಇನ್ಶೂರೆನ್ಸ್ ಬಿಲ್‌ಗಾಗಿ ಕೋಡ್‌ಗೆ ಇಳಿಸುವ) ಕೆಲಸವನ್ನು ನನ್ನ ಹತ್ತಿರವೇ ಕಲಿತವಳು, ಈಗ ಹಾಸನದಲ್ಲಿ ಸಾಲಗಾಮೆ ರಸ್ತೆ ಕಡೆ ರೂಮ್ ಮಾಡಿಕೊಂಡು ಅಲ್ಲಿಂದಲೇ ಕೆಲಸ ಮಾಡುತ್ತಾಳೆ. "ಅಕ್ಕಾ, ಆ ಸರ್ಜರಿ ಕ್ಲೇಮ್ ಮೂರನೇ ಸಲ ವಾಪಸ್ ಬಂತು. ಇನ್ನು ಯಾವ ಮಾಡಿಫೈಯರ್ ಹಾಕಲಿ?" ಅಂದಳು. ಮಾಡಿಫೈಯರ್ ಅಂದರೆ ಕೋಡ್‌ನ ಕೊನೆಗೆ ಸೇರಿಸುವ ಎರಡಕ್ಷರದ ಗುರುತು. ಮೊದಲ ಸಲ ಸಿಓ-97, ಅಂದರೆ ಇದರ ದುಡ್ಡು ಇನ್ನೊಂದು ಕೋಡ್‌ನಲ್ಲೇ ಸೇರಿದೆ ಅನ್ನುವ ಡಿನಯಲ್ (ತಿರಸ್ಕಾರ) ಕೋಡ್, ಬಂದಾಗ 59 (ಬೇರೆ ಕೆಲಸ) ಹಾಕಿದ್ದಳು. ಮತ್ತೆ ಬಂದಾಗ ಅದನ್ನು ತೆಗೆದು ಎಕ್ಸ್‌ಎಸ್ (ಬೇರೆ ಜಾಗ) ಹಾಕಿದ್ದಳು. ಆಮೇಲೆ 22 (ಮಾಮೂಲಿಗಿಂತ ಜಾಸ್ತಿ ಕೆಲಸ) ಕೂಡ ಸೇರಿಸಿದ್ದಳು. ಆಪರೇಟಿವ್ ನೋಟ್ (ಸರ್ಜರಿ ಮಾಡಿದ ಡಾಕ್ಟರು ಬರೆದ ವಿವರ) ಎಷ್ಟು ಸಲ ಓದಿದೆ ಅಂತ ಕೇಳಿದೆ. ಒಂದು ಸಲ, ಅದೂ ಮೊದಲ ದಿನ.

ನನಗೆ ಬೇಜಾರಾಗಿದ್ದು ಅಲ್ಲೇ. ಹಾಸನ, ಚಿಕ್ಕಮಗಳೂರು ಕಡೆಯಿಂದ ಬಿಎಸ್‌ಸಿ, ಬಿ.ಫಾರ್ಮ, ನರ್ಸಿಂಗ್ ಮುಗಿಸಿ ಅಮೆರಿಕದ ಆಸ್ಪತ್ರೆಗಳ ಚಾರ್ಟ್ ಕೋಡ್ ಮಾಡುವವರು ನನಗೆ ಗೊತ್ತಿರುವವರೇ ಹತ್ತಾರು ಜನ ಇದ್ದಾರೆ. ಬುದ್ಧಿವಂತ ಮಕ್ಕಳು. ಆದರೆ ನ್ಯೂರೋಸರ್ಜರಿ ಕ್ಲೇಮ್ ವಾಪಸ್ ಬಂದ ತಕ್ಷಣ ಎಲ್ಲರ ಕೈಯೂ ಮಾಡಿಫೈಯರ್ ಕಡೆಗೇ ಹೋಗುತ್ತದೆ. ಡಿನಯಲ್ ಕೋಡ್ ಹೇಳುವುದು ಪೇಯರ್‌ಗೆ, ಅಂದರೆ ದುಡ್ಡು ಕೊಡುವ ಇನ್ಶೂರೆನ್ಸ್‌ನವರಿಗೆ, ಎಲ್ಲಿ ಅನುಮಾನ ಬಂತು ಅಂತ ಮಾತ್ರ. ತಪ್ಪು ಎಲ್ಲಿ ಶುರುವಾಯಿತು ಅನ್ನುವುದು ಆಪರೇಟಿವ್ ನೋಟ್ ಒಳಗೇ ಇರುತ್ತದೆ. ಹಾಗಾಗಿ ನೋಟ್ ಮತ್ತೆ ಪೂರ್ತಿ ಓದುವ ತನಕ ಮಾಡಿಫೈಯರ್ ಮುಟ್ಟಬೇಡಿ.

ಮೊದಲು ಹೆಡಿಂಗ್ ಮುಚ್ಚಿ

ನೋಟ್‌ನ ಮೇಲ್ಗಡೆ ಸರ್ಜರಿಯ ಹೆಸರು ಇರುತ್ತದೆ. ಅದನ್ನು ಕೈಯಿಂದ ಮುಚ್ಚಿಕೊಂಡು ಕೆಳಗಿನ ವಿವರ ಓದಿ. ನಾನು ಈಗಲೂ ಸ್ಕ್ರೀನ್ ಮೇಲೆ ಒಂದು ಚೀಟಿ ಅಂಟಿಸಿಕೊಂಡೇ ಓದುತ್ತೇನೆ. ಹೆಡಿಂಗ್ ಎಷ್ಟೋ ಸಲ ಸರ್ಜರಿಗೆ ಮುಂಚೆ ಅಂದುಕೊಂಡದ್ದು, ಇಲ್ಲವೇ ಹಳೆಯ ಟೆಂಪ್ಲೇಟ್‌ನಿಂದ ಹಾಗೇ ಬಂದದ್ದು. ಡಾಕ್ಟರ ಕೈ ನಿಜವಾಗಿ ಏನು ಮಾಡಿತು ಅನ್ನುವುದು ವಿವರದಲ್ಲಿದೆ. ಓದುವಾಗ ಪಕ್ಕದಲ್ಲಿ ಒಂದು ಹಾಳೆ ಇಟ್ಟುಕೊಂಡು ಮೂಳೆ ಎಲ್ಲಿ ತೆರೆದರು, ಎಷ್ಟು ತೆರೆದರು, ಡ್ಯೂರಾ ದಾಟಿದರಾ, ಒಳಗಿಂದ ಏನು ತೆಗೆದರು, ಯಾವ ಡಾಕ್ಟರ್ ಯಾವ ಭಾಗ ಮಾಡಿದರು ಅಂತ ಬರೆದುಕೊಳ್ಳಿ. ಕನ್ನಡದಲ್ಲೇ ಬರೆದುಕೊಳ್ಳಿ, ಪರವಾಗಿಲ್ಲ. ಅರ್ಥವಾಗದೆ ನಕಲು ಮಾಡಿದ್ದು ಯಾವುದು ಅಂತ ಆಗ ಗೊತ್ತಾಗುತ್ತದೆ.

ಡ್ಯೂರಾ ಅಂದರೆ ಗೊಂದಲ ಆಗುವವರಿಗೆ ನಾನು ತೆಂಗಿನಕಾಯಿ ತೋರಿಸುತ್ತೇನೆ. ಅರಸೀಕೆರೆ, ಚನ್ನರಾಯಪಟ್ಟಣದ ಮಕ್ಕಳಿಗೆ ಇದು ಬೇಗ ಹಿಡಿಯುತ್ತದೆ. ಚಿಪ್ಪು ಅಂದರೆ ಬುರುಡೆ. ಕಾಯಿಯ ಬೆನ್ನಿಗೆ ಅಂಟಿರುವ ಕಂದು ಸಿಪ್ಪೆ ಡ್ಯೂರಾ. ಬಿಳಿ ಕಾಯಿ ಮಿದುಳು. ಚಿಪ್ಪಿಗೂ ಸಿಪ್ಪೆಗೂ ನಡುವೆ ರಕ್ತ ನಿಂತರೆ ಎಕ್ಸ್‌ಟ್ರಾಡ್ಯೂರಲ್, ಸಿಪ್ಪೆಯ ಕೆಳಗೆ ನಿಂತರೆ ಸಬ್‌ಡ್ಯೂರಲ್, ಕಾಯಿಯೊಳಗೇ ಆದರೆ ಇಂಟ್ರಾಸೆರೆಬ್ರಲ್. ಕ್ರೇನಿಯಾಟಮಿ (ಬುರುಡೆಯ ಮೂಳೆ ತುಂಡು ಎತ್ತಿ ತೆರೆಯುವುದು) ಮಾಡಿ ಮೊದಲ ಎರಡನ್ನು ತೆಗೆದರೆ ಕೋಡ್ 61312, ಮೂರನೆಯದಕ್ಕೆ 61313. ಇವು ಮಿದುಳಿನ ಮೇಲಿನ ಭಾಗಕ್ಕೆ. ಕೆಳಭಾಗಕ್ಕೆ 61314 ಮತ್ತು 61315.

ಮೇಲೆ, ಕೆಳಗೆ ಅಂದರೆ ಟೆಂಟೋರಿಯಂನ ಮೇಲೆ, ಕೆಳಗೆ. ಮಲೆನಾಡಿನ ಹಳೇ ಮನೆಯ ಅಟ್ಟದ ಹಲಗೆ ಇದ್ದ ಹಾಗೆ ಅದು. ಹಲಗೆಯ ಮೇಲೆ ದೊಡ್ಡ ಮಿದುಳು, ಕೆಳಗೆ ಕಿರಿಮಿದುಳು ಮತ್ತು ಮಿದುಳಿನ ಕಾಂಡ. ಡಾಕ್ಟರು ಮೇಲೋ ಕೆಳಗೋ ಅಂತ ಬರೆಯದೆಯೂ ಇರಬಹುದು. ಫ್ರಾಂಟಲ್, ಟೆಂಪೊರಲ್, ಪರೈಟಲ್ ಅಂತ ಇದ್ದರೆ ಮೇಲೆ. ಸೆರೆಬೆಲ್ಲಂ, ಪೋಸ್ಟೀರಿಯರ್ ಫಾಸಾ ಅಂತ ಇದ್ದರೆ ಕೆಳಗೆ. ತುಂಬ ಜನ ಎಡವುವುದು ಆಕ್ಸಿಪಿಟಲ್ ಪದದಲ್ಲಿ. ಆಕ್ಸಿಪಿಟಲ್ ಲೋಬ್ ಅಟ್ಟದ ಮೇಲಿದೆ. ಸಬ್‌ಆಕ್ಸಿಪಿಟಲ್ ಕ್ರೇನಿಯಾಟಮಿ ಅಂದರೆ ಸಾಮಾನ್ಯವಾಗಿ ಅಟ್ಟದ ಕೆಳಗೆ ಹೋಗುವ ದಾರಿ. ಆ ಒಂದು "ಸಬ್" ಬಿಟ್ಟು ಓದಿದರೆ ಇಡೀ ಕೋಡ್ ಕುಟುಂಬವೇ ಬದಲಾಗಿಬಿಡುತ್ತದೆ.

ರಂಧ್ರವೋ, ಕಿಟಕಿಯೋ

ಸಬ್‌ಡ್ಯೂರಲ್ ರಕ್ತದ ಕೇಸ್‌ನಲ್ಲಿ ಅತಿ ಹೆಚ್ಚು ನೋಡಿದ ತಪ್ಪು ಇದು. ಹೆಡಿಂಗ್‌ನಲ್ಲಿ ಕ್ರೇನಿಯಾಟಮಿ ಅಂತ ಇದೆ, ಕೋಡರ್ 61312 ಹಾಕಿದ್ದಾರೆ. ವಿವರ ಓದಿದರೆ ಎರಡು ಬರ್ ಹೋಲ್ (ಸಣ್ಣ ರಂಧ್ರ) ಕೊರೆದರು, ಡ್ಯೂರಾ ಕುಯ್ದರು, ಎಂಜಿನ್ ಆಯಿಲ್ ಬಣ್ಣದ ದ್ರವ ಬಂತು, ಸಲೈನ್ ಹಾಕಿ ತೊಳೆದರು, ಡ್ರೇನ್ ಇಟ್ಟರು ಅಂತ ಇದೆ. ಮೂಳೆಯ ತುಂಡು ಎತ್ತಿದ ಮಾತೇ ಇಲ್ಲ. ಅದು 61154. ಕ್ರೇನಿಯಾಟಮಿ ಆಗಿದ್ದರೆ ಬೋನ್ ಫ್ಲ್ಯಾಪ್ ಎತ್ತಿದ್ದು, ವಾಪಸ್ ಇಟ್ಟಿದ್ದರೆ ಕೊನೆಗೆ ಪ್ಲೇಟು, ಸ್ಕ್ರೂ ಹಾಕಿ ಕೂರಿಸಿದ್ದು ವಿವರದಲ್ಲಿ ಇರಬೇಕು. ಇನ್ನೊಂದು ಕಡೆಯ ತಪ್ಪೂ ಇದೆ. ಬರ್ ಹೋಲ್ ಕೊರೆದು, ಅವನ್ನೇ ಸೇರಿಸಿ ಮೂಳೆ ಕತ್ತರಿಸಿ ಫ್ಲ್ಯಾಪ್ ಎತ್ತಿದಾಗ ಕೆಲವರು 61154, 61312 ಎರಡೂ ಹಾಕುತ್ತಾರೆ. ಆ ರಂಧ್ರಗಳು ಕ್ರೇನಿಯಾಟಮಿಯದೇ ಭಾಗ. ಸಿಓ-97 ಬರದೆ ಇನ್ನೇನು ಬರುತ್ತದೆ, ಅಲ್ವಾ?

ಮೂಳೆ ವಾಪಸ್ ಇಡದೆ ಬಿಟ್ಟಿದ್ದರೆ ಯಾಕೆ ಬಿಟ್ಟರು ಅಂತ ಹುಡುಕಿ. ಮಿದುಳಿನ ಒತ್ತಡ ಇಳಿಸಲು ಮಾಡಿದ ಡಿಕಂಪ್ರೆಸಿವ್ ಸರ್ಜರಿಗೆ 61322, ಲೋಬ್‌ನ ಭಾಗ ತೆಗೆದಿದ್ದರೆ 61323. ಆದರೆ ಅದೇ ಸರ್ಜರಿಯಲ್ಲಿ ಮಿದುಳಿನೊಳಗಿನ ರಕ್ತ ತೆಗೆದು 61313 ಹಾಕಿದ್ದರೆ 61322 ಜೊತೆಗೆ ಬರುವುದಿಲ್ಲ. ತೆಗೆದ ಮೂಳೆಯನ್ನು ಹೊಟ್ಟೆಯ ಚರ್ಮದ ಕೆಳಗೆ ಇಟ್ಟಿದ್ದರೆ 61316 ಆಡ್-ಆನ್ (ಮುಖ್ಯ ಕೋಡ್ ಜೊತೆಗೇ ಹಾಕುವ) ಕೋಡ್ ಇದೆ. ಈ ಒಂದು ಸಾಲು ನೋಟ್‌ನ ಕೊನೆಯಲ್ಲಿ ಎಲ್ಲೋ ಅಡಗಿರುತ್ತದೆ, ಕಣ್ಣಿಗೆ ಬೀಳುವುದೇ ಇಲ್ಲ.

ಸ್ಕಲ್ ಬೇಸ್: ಅವಳ ಕ್ಲೇಮ್ ಕೆಟ್ಟದ್ದು ಇಲ್ಲಿ

ಆ ಹುಡುಗಿಯ ಕೇಸ್ ಸ್ಫಿನಾಯ್ಡ್ ವಿಂಗ್ ಮೆನಿಂಜಿಯೋಮ, ಅಂದರೆ ಬುರುಡೆಯ ತಳದ ರೆಕ್ಕೆಯಂಥ ಮೂಳೆಯ ಹತ್ತಿರ ಮಿದುಳಿನ ಹೊದಿಕೆಯಲ್ಲಿ ಬೆಳೆದ ಗಡ್ಡೆ. ಅವಳು ಹಾಕಿದ್ದು 61592, 61512, ಜೊತೆಗೆ 61781 ಮತ್ತು 69990. ಡಿನಯಲ್ ಬಂದದ್ದು ಮೊದಲ ಎರಡರ ಜೋಡಿಗೆ.

ಸ್ಕಲ್ ಬೇಸ್ (ಬುರುಡೆಯ ತಳ) ಕೋಡ್‌ಗಳು ಬೇರೆ ಸರ್ಜರಿ ಕೋಡ್‌ಗಳ ಹಾಗೆ ಇಲ್ಲ. ಇಲ್ಲಿ ಕೆಲಸವನ್ನು ತುಂಡು ಮಾಡಿ ಇಟ್ಟಿದ್ದಾರೆ. ಗಡ್ಡೆಯ ತನಕ ಹೋಗುವ ದಾರಿಗೆ 61580ರಿಂದ 61598. ಗಡ್ಡೆ ತೆಗೆಯುವುದಕ್ಕೆ 61600ರಿಂದ 61616. ನಂತರದ ರಿಪೇರಿಗೆ 61618, 61619. ಒಬ್ಬರು ದಾರಿ ಮಾಡಿ ಇನ್ನೊಬ್ಬರು ಗಡ್ಡೆ ತೆಗೆದರೆ ಅವರವರ ಕೋಡ್ ಅವರವರಿಗೆ. ಇಬ್ಬರ ಕೆಲಸವನ್ನೂ ಒಬ್ಬರೇ ಮಾಡಿದರೆ ಎರಡೂ ಕೋಡ್ ಅವರಿಗೇ, ಎರಡನೆಯದಕ್ಕೆ 51 (ಒಂದೇ ಸಲ ಹಲವು ಸರ್ಜರಿ ಅನ್ನುವ ಮಾಡಿಫೈಯರ್). ಆದರೆ 61510, 61512ರಂಥ ಮಾಮೂಲಿ ಕ್ರೇನಿಯಾಟಮಿ ಕೋಡ್‌ಗಳಲ್ಲಿ ದಾರಿಯೂ ಒಳಗೇ ಸೇರಿದೆ. ಸ್ಕಲ್ ಬೇಸ್ ದಾರಿಯ ಕೋಡನ್ನು ತಂದು ಇದಕ್ಕೆ ಗಂಟು ಹಾಕಿದರೆ ಒಂದೇ ಬಾಗಿಲು ತೆಗೆದದ್ದಕ್ಕೆ ಎರಡು ಸಲ ದುಡ್ಡು ಕೇಳಿದ ಹಾಗಾಗುತ್ತದೆ. 59 ಹಾಕಿದರೂ ಅಷ್ಟೇ, ಎಕ್ಸ್‌ಎಸ್ ಹಾಕಿದರೂ ಅಷ್ಟೇ. ಆ ಮಾಡಿಫೈಯರ್‌ಗಳು ಇದು ಬೇರೆ ಜಾಗ, ಬೇರೆ ಕೆಲಸ ಅಂತ ಹೇಳುತ್ತವೆ. ಇಲ್ಲಿ ಜಾಗವೂ ಅದೇ, ಗಡ್ಡೆಯೂ ಅದೇ. ಹೇಳಿದ್ದೇ ಸುಳ್ಳಾಯಿತು. ದುಡ್ಡು ಬಂದಿದ್ದರೂ ಮುಂದೆ ಆಡಿಟ್‌ನಲ್ಲಿ ಸಿಕ್ಕಿಬೀಳುತ್ತಿತ್ತು.

ಹಾಗಾದರೆ 61592 ಇಡಬೇಕೋ, 61512 ಇಡಬೇಕೋ? ಇದಕ್ಕೆ ಉತ್ತರ ವಿವರದ ಮೂಳೆಯ ಸಾಲುಗಳಲ್ಲಿದೆ. 61592 ಆರ್ಬಿಟೋಕ್ರೇನಿಯಲ್ ಝೈಗೋಮ್ಯಾಟಿಕ್ ದಾರಿ. ಅದರಲ್ಲಿ ಕೆನ್ನೆಯ ಝೈಗೋಮ ಮೂಳೆಯನ್ನು ಕತ್ತರಿಸಿ ಬಿಡಿಸಬೇಕು, ಕ್ರೇನಿಯಾಟಮಿ ಮಾಡಬೇಕು, ಟೆಂಪೊರಲ್ ಲೋಬ್ ಎತ್ತಬೇಕು. ಮುಟ್ಟಬೇಕಾದದ್ದು ಕ್ಯಾವರ್ನಸ್ ಸೈನಸ್, ಕ್ಲೈವಸ್, ಪೆಟ್ರಸ್ ಏಪೆಕ್ಸ್‌ನಂಥ ಆಳದ ಜಾಗ. ನಾವು ಫೋನಿನಲ್ಲೇ ಸಾಲು ಸಾಲಾಗಿ ಓದಿಸಿಕೊಂಡೆವು. ಟೆರಿಯೋನಲ್ ಕ್ರೇನಿಯಾಟಮಿ, ಸ್ಫಿನಾಯ್ಡ್ ರೆಕ್ಕೆಯನ್ನು ಡ್ರಿಲ್‌ನಿಂದ ಸವೆಸಿದರು, ಡ್ಯೂರಾ ತೆರೆದರು. ಝೈಗೋಮ ಕತ್ತರಿಸಿದ್ದು ಇಲ್ಲ, ಕಣ್ಣಿನ ಗೂಡಿನ ಅಂಚು ಬಿಡಿಸಿದ್ದೂ ಇಲ್ಲ. ಹೆಡಿಂಗ್‌ನಲ್ಲಿ ಮಾತ್ರ "ಸ್ಕಲ್ ಬೇಸ್ ಅಪ್ರೋಚ್" ಅಂತ ದೊಡ್ಡದಾಗಿ ಇತ್ತು. ಅಲ್ಲಿಗೆ 61592 ಹೋಯಿತು, 61512 ಉಳಿಯಿತು. ಅವಳಿಗೆ ಸ್ವಲ್ಪ ಹೊತ್ತು ಮಾತೇ ಬರಲಿಲ್ಲ. ಆಮೇಲೆ, "ಅಕ್ಕಾ, ಮೂರು ವಾರ ಆಯಿತು ಇದಕ್ಕೆ" ಅಂದಳು.

ಇದೇ ಗುಂಪಿನ ಇನ್ನೊಂದು ತಪ್ಪು ಡ್ಯೂರಾ ರಿಪೇರಿಯದು. ಗಡ್ಡೆ ತೆಗೆದ ದಿನವೇ ಡ್ಯೂರಾ ಹೊಲಿದದ್ದಕ್ಕೆ 61618 ಹಾಕುತ್ತಾರೆ. ಆ ಕೋಡ್ ಇರುವುದು ನಂತರ ಮಿದುಳಿನ ದ್ರವ ಸೋರಿ ಮತ್ತೆ ಕರೆದುಕೊಂಡು ಹೋಗಿ ಮಾಡುವ ರಿಪೇರಿಗೆ. ಡ್ಯೂರಾದ ಒಳಗಿನ ಗಡ್ಡೆಯ 61601, 61608, 61616ರಲ್ಲಿ ಅದೇ ದಿನದ ರಿಪೇರಿ ಸೇರಿಯೇ ಇದೆ.

ಜೊತೆಯ ಕೋಡ್‌ಗಳು

61781 ನ್ಯಾವಿಗೇಷನ್‌ಗೆ (ಸ್ಕ್ಯಾನ್ ಇಟ್ಟುಕೊಂಡು ಕಂಪ್ಯೂಟರ್ ದಾರಿ ತೋರಿಸುವುದು), ಡ್ಯೂರಾದ ಒಳಗಿನ ಕೆಲಸಕ್ಕೆ. ಹೊರಗಿನ ಕೆಲಸಕ್ಕೆ 61782. ಮತ್ತೆ ತೆಂಗಿನಕಾಯಿಯ ಸಿಪ್ಪೆ ನೆನಪಿಸಿಕೊಳ್ಳಿ, ಸಾಕು. ನೋಟ್‌ನಲ್ಲಿ ರಿಜಿಸ್ಟ್ರೇಷನ್ (ಸ್ಕ್ಯಾನನ್ನು ಪೇಷಂಟ್‌ನ ತಲೆಗೆ ಹೊಂದಿಸುವುದು) ಮಾಡಿದ್ದು, ಅದನ್ನು ನೋಡಿಕೊಂಡು ದಾರಿ ಅಥವಾ ಗಡ್ಡೆಯ ಅಂಚು ಗುರುತಿಸಿದ್ದು ಇರಬೇಕು. ಯಂತ್ರ ರೂಮಿನಲ್ಲಿ ಇತ್ತು ಅಂದರೆ ಸಾಲದು. ಸ್ಟೀರಿಯೋಟ್ಯಾಕ್ಟಿಕ್ ಬಯಾಪ್ಸಿ 61751 ಜೊತೆ ಇದನ್ನು ಹಾಕಬೇಡಿ, ಅದರಲ್ಲೇ ಈ ಕೆಲಸ ಇದೆ.

69990 ಮೈಕ್ರೋಸ್ಕೋಪ್‌ಗೆ. ಡಾಕ್ಟರು ಕಣ್ಣಿಗೆ ಹಾಕಿಕೊಳ್ಳುವ ಲೂಪ್ ಲೆಕ್ಕಕ್ಕಿಲ್ಲ. ಮೈಕ್ರೋಸ್ಕೋಪ್ ತಂದು ಸೂಕ್ಷ್ಮವಾಗಿ ಬಿಡಿಸಿದ್ದು ವಿವರದಲ್ಲಿ ಕಾಣಬೇಕು. ಮೆಡಿಕೇರ್ (ಮುಖ್ಯವಾಗಿ ಹಿರಿಯರಿಗಾಗಿ ಇರುವ ಅಮೆರಿಕ ಸರ್ಕಾರದ ಇನ್ಶೂರೆನ್ಸ್) ಇದನ್ನು ಎಲ್ಲ ಸರ್ಜರಿಯ ಜೊತೆಯೂ ಒಪ್ಪುವುದಿಲ್ಲ, ಅದಕ್ಕೆ ತನ್ನದೇ ಪಟ್ಟಿ ಇಟ್ಟುಕೊಂಡಿದೆ. 61512 ಆ ಪಟ್ಟಿಯಲ್ಲಿದೆ. ಆಡ್-ಆನ್ ಕೋಡ್‌ಗೆ 51 ಹಾಕುವುದಿಲ್ಲ ಅಂತ ಎಲ್ಲರಿಗೂ ಗೊತ್ತಿದೆ, ಆದರೂ ಟಾರ್ಗೆಟ್ ಓಟದಲ್ಲಿ ಹಾಕಿಬಿಡುತ್ತಾರೆ.

ಅನ್ಯೂರಿಸಂ (ರಕ್ತನಾಳದ ಗೋಡೆ ಉಬ್ಬಿದ್ದು) ಕೇಸ್‌ನಲ್ಲಿ ಒಂದೇ ಸಾಲು ಎಲ್ಲವನ್ನೂ ಬದಲಿಸುತ್ತದೆ. ಮುಂಭಾಗದ ಕೆರೋಟಿಡ್ ಹರಿವಿನ ಸಾಮಾನ್ಯ ಅನ್ಯೂರಿಸಂಗೆ 61700, ಕಾಂಪ್ಲೆಕ್ಸ್ ಆದರೆ 61697. ಹಿಂಭಾಗದ ವರ್ಟೆಬ್ರೊಬೇಸಿಲರ್‌ಗೆ 61702 ಮತ್ತು 61698. ಕಾಂಪ್ಲೆಕ್ಸ್ ಅನ್ನುವ ಪದ ಡಾಕ್ಟರು ಬರೆದರೆ ಸಾಲದು. 15 ಮಿಲಿಮೀಟರ್‌ಗಿಂತ ದೊಡ್ಡದಿರಬೇಕು, ಇಲ್ಲವೇ ಉಬ್ಬಿನ ಕತ್ತಿನಲ್ಲಿ (ಬುಡದಲ್ಲಿ) ಸುಣ್ಣ ಕಟ್ಟಿರಬೇಕು, ಇಲ್ಲವೇ ಸರಿಯಾದ ರಕ್ತನಾಳವೇ ಕತ್ತಿನೊಳಗೆ ಸೇರಿಕೊಂಡಿರಬೇಕು, ಅಥವಾ ಟೆಂಪರರಿ ಕ್ಲಿಪ್ ಹಾಕಿ ರಕ್ತ ನಿಲ್ಲಿಸಿರಬೇಕು, ಟ್ರ್ಯಾಪಿಂಗ್ (ಉಬ್ಬಿನ ಎರಡೂ ಕಡೆ ನಾಳ ಮುಚ್ಚುವುದು) ಅಥವಾ ಹೃದಯ-ಶ್ವಾಸಕೋಶದ ಬೈಪಾಸ್ ಬೇಕಾಗಿರಬೇಕು. "ಎಂ1 (ಮಿದುಳಿನ ಒಂದು ರಕ್ತನಾಳದ ಭಾಗ) ಮೇಲೆ ಮೂರು ನಿಮಿಷ ಟೆಂಪರರಿ ಕ್ಲಿಪ್" ಅನ್ನುವ ಒಂದು ಸಾಲು ಬಿಟ್ಟುಹೋಗಿ 61700 ಆಗಿದ್ದ ಚಾರ್ಟ್ ನಾನೇ ಸರಿ ಮಾಡಿದ್ದೇನೆ. ಅಂಥದ್ದಕ್ಕೆ ಡಿನಯಲ್ ಬರುವುದಿಲ್ಲ, ಸುಮ್ನೆ ಕಡಿಮೆ ದುಡ್ಡು ಬಂದು ಮುಗಿಯುತ್ತದೆ, ಯಾರಿಗೂ ಗೊತ್ತೇ ಆಗುವುದಿಲ್ಲ. ವಾಪಸ್ ಬಂದ ಕ್ಲೇಮ್‌ಗಿಂತ ಇದು ನನಗೆ ಜಾಸ್ತಿ ಸಂಕಟ ಕೊಡುತ್ತದೆ.

ಸಿಓ-11 ಬಂದರೆ

ಕಾಯಿಲೆಯ ಕೋಡಿಗೂ ಸರ್ಜರಿ ಕೋಡಿಗೂ ಹೊಂದಾಣಿಕೆ ಇಲ್ಲ ಅಂತ ಅರ್ಥ. ಮಿದುಳು ಗಡ್ಡೆಯಲ್ಲಿ ನೂರಕ್ಕೆ ನೂರು ಮೊದಲು ನೋಡಬೇಕಾದ್ದು ಪೆಥಾಲಜಿ ರಿಪೋರ್ಟ್. 61510 ಮೆನಿಂಜಿಯೋಮ ಬಿಟ್ಟು ಉಳಿದ ಗಡ್ಡೆಗಳಿಗೆ, 61512 ಮೆನಿಂಜಿಯೋಮಕ್ಕೆ. ನಮ್ಮ ಹುಡುಗಿ ರಿಪೋರ್ಟ್ ಬರುವ ಮುಂಚೆಯೇ ಸಿ71.1, ಅಂದರೆ ಫ್ರಾಂಟಲ್ ಲೋಬ್‌ನ ಕ್ಯಾನ್ಸರ್, ಹಾಕಿದ್ದಳು. ಪೆಥಾಲಜಿಯಲ್ಲಿ ಸಾಧಾರಣ ಮೆನಿಂಜಿಯೋಮ ಅಂತ ಬಂದಿತ್ತು, ಅದು ಡಿ32.0. ಸಿಓ-97 ಸರಿ ಮಾಡಿ ಕಳಿಸಿದ್ದರೂ ಮುಂದೆ ಇದೇ ಬಂಡೆಗೆ ಡಿಕ್ಕಿ ಹೊಡೆಯುತ್ತಿತ್ತು. ಅದಕ್ಕಿಂತ ದೊಡ್ಡ ವಿಷಯ, ಕ್ಯಾನ್ಸರ್ ಇಲ್ಲದ ಮನುಷ್ಯರ ದಾಖಲೆಯಲ್ಲಿ ಕ್ಯಾನ್ಸರ್ ಅಂತ ಕೂರುತ್ತದೆ. ಅವರ ಮುಂದಿನ ಇನ್ಶೂರೆನ್ಸ್, ಮುಂದಿನ ಡಾಕ್ಟರು, ಎಲ್ಲರೂ ಅದನ್ನು ನೋಡುತ್ತಾರೆ. ರಿಪೋರ್ಟ್ ಬರುವ ತನಕ ಚಾರ್ಟ್ ಹೋಲ್ಡ್ ಮಾಡಿ. ಬೇರೆ ಅಂಗದಿಂದ ಹರಡಿದ ಗಡ್ಡೆಯಾದರೆ ಸಿ79.31, ಸಿ71 ಅಲ್ಲವೇ ಅಲ್ಲ.

ರಕ್ತಸ್ರಾವದಲ್ಲಿ ಕೇಳಬೇಕಾದ ಪ್ರಶ್ನೆ ಪೆಟ್ಟು ಬಿದ್ದು ಆದದ್ದೋ, ತಾನಾಗೇ ಆದದ್ದೋ ಅಂತ. ಪೆಟ್ಟಿನ ಸಬ್‌ಡ್ಯೂರಲ್ ಎಸ್06.5 ಕುಟುಂಬ, ಪೆಟ್ಟಿಲ್ಲದ್ದು ಐ62.0. ವಯಸ್ಸಾದವರು ಮೂರು ವಾರದ ಹಿಂದೆ ಬಚ್ಚಲಲ್ಲಿ ಜಾರಿಬಿದ್ದದ್ದು ನರ್ಸ್ ನೋಟ್‌ನಲ್ಲಿ ಇರುತ್ತದೆ, ಡಾಕ್ಟರು ಬರೀ ಕ್ರಾನಿಕ್ ಎಸ್‌ಡಿಎಚ್ (ಹಳೆಯ ಸಬ್‌ಡ್ಯೂರಲ್ ರಕ್ತ) ಅಂತ ಬರೆದಿರುತ್ತಾರೆ. ನೀವೇ ಎರಡನ್ನೂ ಜೋಡಿಸಬೇಡಿ, ಡಾಕ್ಟರಿಗೆ ಕ್ವೆರಿ (ಬರೆದು ಕೇಳುವ ಪ್ರಶ್ನೆ) ಕಳಿಸಿ. ಎಸ್06ರಲ್ಲಿ ಪ್ರಜ್ಞೆ ತಪ್ಪಿತ್ತಾ, ಎಷ್ಟು ಹೊತ್ತು ಅನ್ನುವುದಕ್ಕೆ ಆರನೇ ಅಕ್ಷರ ಇದೆ, ಅದಕ್ಕೆ ಆಂಬ್ಯುಲೆನ್ಸ್ ಮತ್ತು ಎಮರ್ಜೆನ್ಸಿ ನೋಟ್ ತೆಗೆದು ನೋಡಿ. ಅನ್ಯೂರಿಸಂ ಒಡೆದಿದ್ದರೆ ಐ60, ಒಡೆಯದಿದ್ದರೆ ಐ67.1.

ಇಬ್ಬರು ಡಾಕ್ಟರು, ಎರಡನೇ ಸರ್ಜರಿ

ಮೂಗಿನ ಮೂಲಕ ಎಂಡೋಸ್ಕೋಪ್ ಹಾಕಿ ಪಿಟ್ಯುಟರಿ ಗಡ್ಡೆ ತೆಗೆಯುವ 62165ರಲ್ಲಿ ಇಎನ್‌ಟಿ ಡಾಕ್ಟರು ದಾರಿ ಮಾಡುತ್ತಾರೆ, ನ್ಯೂರೋಸರ್ಜನ್ ಗಡ್ಡೆ ತೆಗೆಯುತ್ತಾರೆ. ಕೋಡ್ ಒಂದೇ. ಇಬ್ಬರೂ ಅದೇ ಕೋಡ್‌ಗೆ ಮಾಡಿಫೈಯರ್ 62 (ಇಬ್ಬರು ಸರ್ಜನ್‌ಗಳು) ಹಾಕಬೇಕು, ಇಬ್ಬರದೂ ಬೇರೆ ಬೇರೆ ನೋಟ್ ಇರಬೇಕು. ಮೆಡಿಕೇರ್ ಆಗ ಒಬ್ಬೊಬ್ಬರಿಗೆ 62.5 ಶೇಕಡ ಕೊಡುತ್ತದೆ. ಒಬ್ಬರ ಕ್ಲೇಮ್‌ನಲ್ಲಿ 62 ಇದ್ದು ಇನ್ನೊಬ್ಬರದರಲ್ಲಿ ಇಲ್ಲದಿದ್ದರೆ ಎರಡನೆಯದಾಗಿ ಹೋದವರದ್ದು ಸಿಕ್ಕಿಬೀಳುತ್ತದೆ. ನೀವು ನಿಮ್ಮ ಚಾರ್ಟ್ ಹತ್ತು ಸಲ ನೋಡಿದರೂ ಅದರಲ್ಲಿ ತಪ್ಪು ಕಾಣುವುದಿಲ್ಲ, ಯಾಕೆಂದರೆ ತಪ್ಪು ಇನ್ನೊಂದು ಚಾರ್ಟ್‌ನಲ್ಲಿದೆ. ಇಎನ್‌ಟಿ ಚಾರ್ಟ್ ಮಾಡುವ ಟೀಮಿಗೆ ಮೇಲ್ ಹಾಕಿ ಕೇಳಿ.

ಇದೇ ಪೇಷಂಟ್‌ಗೆ ಇದು ಎರಡನೇ ಸರ್ಜರಿಯಾ ಅಂತಲೂ ನೋಡಿ. ಕ್ರೇನಿಯಾಟಮಿಗೆ ಗ್ಲೋಬಲ್ ಪೀರಿಯಡ್ (ಸರ್ಜರಿಯ ದುಡ್ಡಿನಲ್ಲೇ ನಂತರದ ಆರೈಕೆಯೂ ಸೇರಿರುವ ಅವಧಿ) 90 ದಿನ, ಹಿಂದಿನ ದಿನವನ್ನೂ ಸರ್ಜರಿ ದಿನವನ್ನೂ ಸೇರಿಸಿದರೆ 92. ಅದರೊಳಗೆ ರಕ್ತ ಸೋರಿ ಮತ್ತೆ ಓಟಿಗೆ ಕರೆದೊಯ್ದರೆ ಮಾಡಿಫೈಯರ್ 78, ಆಗ ಸರ್ಜರಿ ಭಾಗದ ದುಡ್ಡು ಮಾತ್ರ ಬರುತ್ತದೆ. ಮೊದಲೇ ಅಂದುಕೊಂಡ ಹಾಗೆ, ಊತ ಇಳಿದ ಮೇಲೆ ಮೂಳೆ ವಾಪಸ್ ಇಟ್ಟರೆ 58, ಹೊಸ ಗ್ಲೋಬಲ್ ಶುರುವಾಗುತ್ತದೆ. ಸಂಬಂಧವೇ ಇಲ್ಲದ ಬೇರೆ ಸರ್ಜರಿಗೆ 79. ಮುಂದೆ ಮೂಳೆ ಇಡುತ್ತೇವೆ ಅಂತ ಮೊದಲ ನೋಟ್‌ನಲ್ಲಿ ಡಾಕ್ಟರು ಬರೆದಿದ್ದಾರಾ ನೋಡಿಕೊಳ್ಳಿ, 58ಕ್ಕೆ ಆಧಾರ ಅದೇ.

ಆಸ್ಪತ್ರೆ ಕಡೆಯ ಕೋಡಿಂಗ್ ಮಾಡುವವರಿಗೆ

ಪಿಸಿಎಸ್‌ನಲ್ಲಿ (ಅಡ್ಮಿಟ್ ಆದವರ ಸರ್ಜರಿಗೆ ಆಸ್ಪತ್ರೆ ಬಳಸುವ ಕೋಡ್ ಪದ್ಧತಿ) ಕ್ರೇನಿಯಾಟಮಿ ಅನ್ನುವ ಕೆಲಸವೇ ಇಲ್ಲ. ಮೂಳೆ ತೆರೆಯುವುದು, ಮುಚ್ಚುವುದು ದಾರಿಗೆ ಸೇರಿತು. ಒಳಗೆ ಮಾಡಿದ್ದೇ ಕೆಲಸ. ಸಬ್‌ಡ್ಯೂರಲ್ ಜಾಗದಿಂದ ಗಟ್ಟಿಯಾದ ಹೆಪ್ಪು ತೆಗೆದರೆ ಎಕ್ಸ್‌ಟರ್ಪೇಷನ್, 00ಸಿ40ಝಡ್‌ಝಡ್. ದ್ರವ ಹರಿಸಿದರೆ ಡ್ರೇನೇಜ್. ಅಂದಹಾಗೆ ಪಿಸಿಎಸ್‌ನಲ್ಲಿ ಓ ಮತ್ತು ಐ ಅಕ್ಷರಗಳೇ ಇಲ್ಲ, ಸೊನ್ನೆ ಒಂದರ ಜೊತೆ ಗೊಂದಲ ಆಗಬಾರದು ಅಂತ. ಕೋಡ್ ಸಿಸ್ಟಮ್ ತೆಗೆದುಕೊಳ್ಳುತ್ತಿಲ್ಲ ಅಂದರೆ ಮೊದಲು ಅದನ್ನು ನೋಡಿ.

ಡಿಆರ್‌ಜಿ (ಆಸ್ಪತ್ರೆಗೆ ಎಷ್ಟು ದುಡ್ಡು ಅಂತ ತೀರ್ಮಾನಿಸುವ ಗುಂಪು) 25, 26, 27ರ ನಡುವೆ ಜಗಳ ಬರುವುದು ಸಾಮಾನ್ಯವಾಗಿ ಜಿ93.5 ಮತ್ತು ಜಿ93.6ರಿಂದ, ಅಂದರೆ ಮಿದುಳು ಒತ್ತಲ್ಪಟ್ಟದ್ದು ಮತ್ತು ಊದಿಕೊಂಡದ್ದು. ಎರಡೂ ಎಂಸಿಸಿ, ಅಂದರೆ ಮುಖ್ಯ ಕಾಯಿಲೆಯ ಜೊತೆಗಿನ ದೊಡ್ಡ ತೊಂದರೆ, ಹಾಗಾಗಿ ದುಡ್ಡು ತುಂಬ ಬದಲಾಗುತ್ತದೆ. ಸಿಟಿ ರಿಪೋರ್ಟ್‌ನಲ್ಲಿ ಮಿಡ್‌ಲೈನ್ ಶಿಫ್ಟ್ ಅಂತ ಇದೆ ಅಂದ ಮಾತ್ರಕ್ಕೆ ಹಾಕುವ ಹಾಗಿಲ್ಲ. ನೋಡಿಕೊಳ್ಳುತ್ತಿರುವ ಡಾಕ್ಟರೇ ಬರೆಯಬೇಕು. ಕ್ವೆರಿ ಬರೆಯುವಾಗ ಉತ್ತರವನ್ನು ಅವರ ಬಾಯಿಗೆ ಇಡಬೇಡಿ. ಸ್ಕ್ಯಾನ್‌ನಲ್ಲಿ ಕಂಡದ್ದು, ಕೊಟ್ಟ ಔಷಧಿ, ಮ್ಯಾನಿಟಾಲ್ ಕೊಟ್ಟಿದ್ದರೆ ಅದೂ, ಎಲ್ಲ ಬರೆದು, ಇದರ ಅರ್ಥವೇನು ಅಂತ ಕೇಳಿ. ಆಯ್ಕೆ ಕೊಟ್ಟರೆ "ಬೇರೆ" ಮತ್ತು "ಹೇಳಲಾಗದು" ಕೂಡ ಇರಲಿ.

ಕಳಿಸುವ ಮುಂಚೆ ಇನ್ನೆರಡು ಮಾತು

ಡಾಕ್ಟರ ಕ್ಲೇಮ್‌ನಲ್ಲಿ ಕೋಡ್ ಪುಸ್ತಕ ಯಾವ ವರ್ಷದ್ದು ಅನ್ನುವುದು ಸರ್ಜರಿ ಆದ ದಿನದ ಮೇಲೆ ಹೋಗುತ್ತದೆ (ಅಡ್ಮಿಟ್ ಆದವರ ಆಸ್ಪತ್ರೆ ಕ್ಲೇಮ್‌ನಲ್ಲಿ ಡಿಸ್ಚಾರ್ಜ್ ದಿನದ ಮೇಲೆ), ನೀವು ಕೂತು ಕೋಡ್ ಮಾಡುವ ದಿನದ ಮೇಲೆ ಅಲ್ಲ. ಸಿಪಿಟಿ (ಮೇಲೆ ಹೇಳಿದ ಐದಂಕಿಯ ಸರ್ಜರಿ ಕೋಡ್‌ಗಳು) ಜನವರಿ 1ಕ್ಕೆ ಬದಲಾಗುತ್ತದೆ, ಕಾಯಿಲೆಯ ಕೋಡ್‌ಗಳು ಅಕ್ಟೋಬರ್ 1ಕ್ಕೆ, ಕೆಲವು ಏಪ್ರಿಲ್ 1ಕ್ಕೆ. ಎನ್‌ಸಿಸಿಐ ಎಡಿಟ್ (ಯಾವ ಕೋಡ್‌ಗಳು ಜೊತೆಗೆ ಬರಬಾರದು ಅನ್ನುವ ಪಟ್ಟಿ) ಮೂರು ತಿಂಗಳಿಗೊಮ್ಮೆ. ಡಾಕ್ಟರ ಕ್ಲೇಮ್‌ನಲ್ಲಿ ಸೆಪ್ಟೆಂಬರ್ 29ರ ಸರ್ಜರಿಯನ್ನು ಅಕ್ಟೋಬರ್ 10ಕ್ಕೆ ಹೊಸ ಕೋಡ್‌ನಲ್ಲಿ ಹಾಕಿದರೆ ವಾಪಸ್ ಬರುತ್ತದೆ.

ಇನ್ನೊಂದು, ದಯವಿಟ್ಟು. ಅನುಮಾನ ಕೇಳುವಾಗ ಚಾರ್ಟ್‌ನ ಫೋಟೋ ತೆಗೆದು ವಾಟ್ಸ್‌ಆಪ್‌ನಲ್ಲಿ ಕಳಿಸಬೇಡಿ. ಹೆಸರು ಮುಚ್ಚಿದ್ದೇನೆ ಅಕ್ಕ ಅಂತ ಹೇಳುತ್ತಾರೆ, ಕೆಳಗೆ ಎಂಆರ್‌ಎನ್ (ಪೇಷಂಟ್‌ನ ದಾಖಲೆ ನಂಬರ್) ಮತ್ತು ಹುಟ್ಟಿದ ದಿನ ಹಾಗೇ ಇರುತ್ತದೆ. ಫೋನಿನಲ್ಲಿ ವಿಷಯ ಮಾತ್ರ ಹೇಳಿ. ನಾವು ಆ ರಾತ್ರಿ ಮಾಡಿದ್ದೂ ಅಷ್ಟೇ.

ಸರಿ ಮಾಡಿದ ಕ್ಲೇಮ್ ಹೀಗಿತ್ತು: 61512, 61781, 69990, ಕಾಯಿಲೆ ಡಿ32.0, 59 ಇಲ್ಲ, 22 ಇಲ್ಲ. 22 ಬೇಕಾಗಿದ್ದರೆ ಮಾಮೂಲಿಗಿಂತ ಎಷ್ಟು ಜಾಸ್ತಿ ಕೆಲಸ, ಯಾಕೆ ಅಂತ ಡಾಕ್ಟರು ಬರೆದಿರಬೇಕಿತ್ತು, ಬರೆದಿರಲಿಲ್ಲ. ತಪ್ಪು ನಮ್ಮದಾದ್ದರಿಂದ ಅಪೀಲ್ ಮಾಡದೆ ತಿದ್ದಿದ ಕ್ಲೇಮ್ ಆಗಿಯೇ ಕಳಿಸಿದೆವು. ತಪ್ಪು ಪೇಯರ್‌ದಾಗಿದ್ದು, ಅದು ಮೆಡಿಕೇರ್ ಆಗಿದ್ದರೆ, ತೀರ್ಮಾನ ಕೈಗೆ ಬಂದ 120 ದಿನದೊಳಗೆ ಮೊದಲ ಅಪೀಲ್ ಹಾಕಬಹುದು. ಆಗ ನೋಟ್ ಪೂರ್ತಿ ಲಗತ್ತಿಸಿ, ಮೂಳೆ ಕತ್ತರಿಸಿದ ಸಾಲು, ಡ್ಯೂರಾ ತೆರೆದ ಸಾಲು, ಗಡ್ಡೆ ತೆಗೆದ ಸಾಲು ಯಾವ ಪುಟದಲ್ಲಿದೆ ಅಂತ ಪತ್ರದಲ್ಲೇ ಬರೆದು ಕಳಿಸಿ.